ಸಂತೆಯಲ್ಲಿ ನಿದ್ದೆ

ರಾತ್ರಿ ಎರಡೂ ಮುಕ್ಕಾಲಿಗೆ ನನಗೆ ಎಚ್ಚರವಾಗುತ್ತದೆ. ಅಲಾರಂ ಇಟ್ಟಿರುವುದಿಲ್ಲ, ಯಾರೂ ಕೂಗಿರುವುದಿಲ್ಲ. ಕಣ್ಣು ತಾನಾಗಿ ಬಿಟ್ಟುಕೊಳ್ಳುತ್ತದೆ, ಆಮೇಲೆ ಮುಚ್ಚುವುದಿಲ್ಲ. ಮೊದಮೊದಲು ಮಗ್ಗುಲು ಬದಲಿಸಿ, ದಿಂಬು ತಿರುವಿ ಹಾಕಿ, ಫ್ಯಾನನ್ನು ಒಂದು ಸಲ ಜೋರು ಮಾಡಿ ಇನ್ನೊಂದು ಸಲ ಸಣ್ಣ ಮಾಡಿ ನೋಡುತ್ತಿದ್ದೆ. ಈಗ ಎದ್ದು ಅಡುಗೆಮನೆಗೆ ಹೋಗಿ ಲೈಟು ಹಾಕಿ, ಒಂದು ಲೋಟ ಬಿಸಿನೀರು ಹಿಡಿದುಕೊಂಡು ಕಿಟಕಿಯ ಹತ್ತಿರ ನಿಲ್ಲುತ್ತೇನೆ. ಮೈಸೂರಿನ ನಮ್ಮ ಬೀದಿ ಆ ಹೊತ್ತಿನಲ್ಲಿ ಬಲು ಚೆನ್ನಾಗಿರುತ್ತದೆ. ಸಂಪಿಗೆ ಮರದ ಬುಡದಲ್ಲಿ ನಾಯಿಗಳು ಸುರುಳಿ ಸುತ್ತಿಕೊಂಡು ಮಲಗಿರುತ್ತವೆ. ಎದುರುಮನೆಯ ಎರಡನೆಯ ಮಹಡಿಯ ಒಂದೇ ಒಂದು ಕಿಟಕಿಯಲ್ಲಿ ದೀಪ ಉರಿಯುತ್ತಿರುತ್ತದೆ.

ಆ ದೀಪದ ಮೇಲೆ ನನಗೆ ಅಕ್ಕರೆ ಹುಟ್ಟಿ ಒಂದು ವರ್ಷವಾಯಿತು. ಯಾರ ಮನೆಯದೆಂದು ಗೊತ್ತಿರಲಿಲ್ಲ. ಹಾಸಿಗೆ ಹಿಡಿದವರು ಇದ್ದಾರೋ, ಹಸುಗೂಸು ಇದೆಯೋ, ಪರೀಕ್ಷೆಗೆ ಓದುವ ಮಕ್ಕಳಿದ್ದಾರೋ ಎಂದು ದಿನಕ್ಕೊಂದು ಊಹೆ ಮಾಡುತ್ತಿದ್ದೆ. ಒಂದು ರಾತ್ರಿ ಅದು ಉರಿಯದಿದ್ದರೆ ಎದೆಯಲ್ಲಿ ಏನೋ ಕಸಿವಿಸಿ. ಊರೆಲ್ಲ ಮಲಗಿರುವಾಗ ಎಚ್ಚರವಾಗಿರುವುದು ನಾನೊಬ್ಬಳೇ ಅಲ್ಲ ಎನ್ನುವುದರಲ್ಲಿ ಎಷ್ಟು ಸಮಾಧಾನವಿದೆ ಎಂಬುದು ನಿದ್ದೆಗೆಟ್ಟವರಿಗೆ ಮಾತ್ರ ಗೊತ್ತು.

ನನಗೀಗ 57 ವರ್ಷ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ವೈದ್ಯರ ಬಳಿ ಹೋದಾಗ ಅವರು ಗಾಬರಿಪಡಿಸಲಿಲ್ಲ. ಮುಟ್ಟು ನಿಂತ ಮೇಲೆ ಬಹಳ ಹೆಂಗಸರಿಗೆ ಹೀಗಾಗುತ್ತದೆ ಎಂದರು. ದೊಡ್ಡವರಿಗೆ ರಾತ್ರಿ 7 ಗಂಟೆಗೆ ಕಡಿಮೆಯಿಲ್ಲದ ನಿದ್ದೆ ಬೇಕು, ನಿಮಗೆ ಬರುತ್ತಿರುವುದು ನಾಲ್ಕೂವರೆ ಐದು ಗಂಟೆ ಎಂದು ಬರೆದುಕೊಂಡರು. ಅವರು ಹೇಳಿದ ಒಂದು ಮಾತು ಮನಸ್ಸಿಗೆ ಹಿಡಿಸಿತು: ನಿದ್ದೆ ಬಾರದೆ ಒದ್ದಾಡುತ್ತಾ ಹಾಸಿಗೆಯಲ್ಲೇ ಇರಬೇಡಿ, ಎದ್ದುಬಿಡಿ, ಇಲ್ಲದಿದ್ದರೆ ಹಾಸಿಗೆ ಕಂಡಕೂಡಲೇ ಮೈಗೆ ಒದ್ದಾಟವೇ ಜ್ಞಾಪಕ ಬರುತ್ತದೆ. ಇನ್ನೊಂದು ಮಾತು ಅಷ್ಟು ಹಿಡಿಸಲಿಲ್ಲ. ಸಂಜೆ ನಾಲ್ಕು ಗಂಟೆಗೆ ಕುಡಿದ ಕಾಫಿಯ ಕೆಫೀನಿನಲ್ಲಿ ಹೆಚ್ಚುಕಡಿಮೆ ಅರ್ಧ ರಾತ್ರಿ ಒಂಬತ್ತಕ್ಕೂ ರಕ್ತದಲ್ಲಿ ಓಡಾಡುತ್ತಿರುತ್ತದಂತೆ. ಹಾಸನ ಜಿಲ್ಲೆಯಲ್ಲಿ ಹುಟ್ಟಿದವಳಿಗೆ ಸಂಜೆಯ ಕಾಫಿ ಬಿಡು ಎನ್ನುವುದು ಸಣ್ಣ ಮಾತಲ್ಲ. ಸಕಲೇಶಪುರದ ಕಡೆಯ ನೆಂಟರು ಬಂದಾಗೆಲ್ಲ ಪುಡಿ ತಂದು ಕೊಡುತ್ತಾರೆ, ಡಬ್ಬ ತೆಗೆದರೆ ಮನೆಯೆಲ್ಲ ಘಮ್ಮೆನ್ನುತ್ತದೆ. ಆದರೂ ಬಿಟ್ಟೆ. ನಾಲ್ಕು ಗಂಟೆಯ ಆ ಪರಿಮಳ ಸ್ಟಾಫ್ ರೂಮಿನಲ್ಲಿ ಈಗಲೂ ನನ್ನ ಮುಂದೆಯೇ ಹಾದುಹೋಗುತ್ತದೆ.

ನಮ್ಮ ಅಜ್ಜಿ ಇದ್ದಿದ್ದರೆ ವೈದ್ಯರ ಹತ್ತಿರ ಹೋಗುವ ಮುಂಚೆ ಗಿಡಗಳನ್ನು ನೋಡು ಎನ್ನುತ್ತಿದ್ದರೇನೋ. ಹಳ್ಳಿಮೈಸೂರು ಹೋಬಳಿಯ ನಮ್ಮೂರಿನಲ್ಲಿ ದೀಪ ಹಚ್ಚಿದ ಮೇಲೆ ಯಾವ ಗಿಡವನ್ನೂ ಮುಟ್ಟುವಂತಿರಲಿಲ್ಲ. ಕರಿಬೇವಿನ ಒಂದು ಎಸಳು ಬೇಕಾದರೂ ಹೊತ್ತಿರುವಾಗಲೇ ಕಿತ್ತಿಟ್ಟುಕೊಳ್ಳಬೇಕು. "ಗಿಡ ಮಲಗಿರ್ತದೆ ಕಣವ್ವ, ಎಬ್ಬಿಸ್ಬಾರ್ದು" ಎನ್ನುತ್ತಿದ್ದರು ಅಜ್ಜಿ. ಹಿತ್ತಲ ಹುಣಸೆಮರ ಸಂಜೆಯಾದರೆ ತನ್ನ ಸಣ್ಣ ಎಲೆಗಳನ್ನು ಜೋಡಿ ಜೋಡಿಯಾಗಿ ಮಡಿಚಿಕೊಳ್ಳುತ್ತಿತ್ತು. ಗದ್ದೆಬದುವಿನ ಮುಟ್ಟಿದರೆ ಮುನಿ ನಾವು ಮುಟ್ಟದಿದ್ದರೂ ಮುನಿದುಕೊಂಡು ಮಲಗುತ್ತಿತ್ತು. ಆ ಗಿಡದ ಕತೆಯನ್ನು ಪ್ರತಿವರ್ಷ ಮಕ್ಕಳಿಗೆ ಹೇಳುತ್ತೇನೆ. 1729ರಲ್ಲಿ ಫ್ರಾನ್ಸಿನ ದ ಮೆರಾನ್ ಎಂಬ ವಿಜ್ಞಾನಿ ಮುಟ್ಟಿದರೆ ಮುನಿಯಂಥ ಒಂದು ಗಿಡವನ್ನು ಕತ್ತಲಲ್ಲಿಟ್ಟು ಗಮನಿಸಿದ. ಬಿಸಿಲು ಸೋಕದಿದ್ದರೂ ಹಗಲಾದಾಗ ಅದು ಎಲೆ ಬಿಚ್ಚಿತು, ರಾತ್ರಿಯಾದಾಗ ಮಡಿಚಿತು. ಗಡಿಯಾರ ಆಕಾಶದಲ್ಲಷ್ಟೇ ಅಲ್ಲ, ಗಿಡದ ಮೈಯೊಳಗೂ ಇತ್ತು. ಆ ಗಡಿಯಾರ ಜೀವಕೋಶದಲ್ಲಿ ಹೇಗೆ ನಡೆಯುತ್ತದೆ ಎಂದು ಹಣ್ಣಿನ ನೊಣಗಳಲ್ಲಿ ಕಂಡುಹಿಡಿದ ಹಾಲ್, ರಾಸ್‌ಬಾಷ್, ಯಂಗ್ ಎಂಬ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ಪಾಠದ ಕೊನೆಗೆ ಅಜ್ಜಿಯ ಮಾತನ್ನೂ ಸೇರಿಸುತ್ತೇನೆ. ಮಕ್ಕಳು ಅದನ್ನೇ ಹೆಚ್ಚು ನೆನಪಿಟ್ಟುಕೊಳ್ಳುತ್ತಾರೆ.

ಎದುರುಮನೆಯ ದೀಪ ಯಾರದೆಂದು ಗೊತ್ತಾಗಿದ್ದು ಹಾಲಿನ ಬೂತಿನಲ್ಲಿ. ಬೆಳಿಗ್ಗೆ ಆರಕ್ಕೆ ನಾನು ಹಾಲಿಗೆ ಹೋದರೆ ಒಬ್ಬ ಹುಡುಗ ಕಣ್ಣು ಕೆಂಪಗೆ ಮಾಡಿಕೊಂಡು ನಿಂತಿದ್ದ. "ಆಂಟಿ, ರಾತ್ರಿ ಮೂರು ಗಂಟೆಗೆ ನಿಮ್ಮ ಅಡುಗೆಮನೇಲಿ ಲೈಟು ಉರೀತಿರುತ್ತೆ, ಅಷ್ಟು ಬೇಗ ಏಳ್ತೀರಾ?" ಎಂದು ಕೇಳಿದ. ಅವನದು ರಾತ್ರಿ ಪಾಳಿಯಂತೆ. ಮನೆಯಲ್ಲೇ ಕಂಪ್ಯೂಟರಿನ ಮುಂದೆ ಕುಳಿತು ಅಮೆರಿಕದ ಹಗಲಿಗೆ ಕೆಲಸ ಮಾಡುತ್ತಾನೆ. ಬೆಳಿಗ್ಗೆ ಏಳಕ್ಕೆ ಕಪ್ಪು ಪರದೆ ಎಳೆದು ಮಲಗಿದರೆ ಹತ್ತಕ್ಕೆಲ್ಲ ಎಚ್ಚರ. ಬೀದಿಯಲ್ಲಿ ಸೊಪ್ಪಿನವರು, ಪಕ್ಕದ ಕಟ್ಟಡದಲ್ಲಿ ಟೈಲ್ಸ್ ಕೊಯ್ಯುವ ಸದ್ದು, ಅದಕ್ಕಿಂತ ಹೆಚ್ಚಾಗಿ ಮೈಯೊಳಗಿನ ಆ ಗಡಿಯಾರ. "ನಿಮ್ಮ ಲೈಟು ನೋಡಿದ್ರೆ ನಂಗೆ ಒಂಥರಾ ಧೈರ್ಯ ಆಂಟಿ" ಎಂದ. ಇಪ್ಪತ್ತೈದು ಇಪ್ಪತ್ತಾರು ವರ್ಷದ ಹುಡುಗ. ನನಗೂ ಹಾಗೇ ಅನ್ನಿಸುತ್ತದೆ ಎಂದು ಹೇಳಬೇಕೆಂದಿದ್ದೆ, ಗಂಟಲು ಕಟ್ಟಿ ಹಾಲಿನ ಪ್ಯಾಕೆಟ್ಟು ತೆಗೆದುಕೊಂಡು ಬಂದುಬಿಟ್ಟೆ.

ನನ್ನ ಅವಸ್ಥೆ ನೋಡಿ ಮಗಳು ಹೊಸ ಹಾಸಿಗೆ ತರಿಸಿದಳು. ಬೆನ್ನಿನ ಬಾಗಿಗೆ ತಕ್ಕಂತೆ ತಗ್ಗುತ್ತದೆ, ಪಕ್ಕದವರು ಹೊರಳಿದರೂ ಇತ್ತಕಡೆ ಅಲುಗುವುದಿಲ್ಲ ಎಂದು ತಂದವರು ಹೇಳಿದರು. ಆ ಹಾಸಿಗೆಯ ಮೇಲೆ ಮಲಗಿಕೊಂಡು ನಾನು ಶ್ರವಣಬೆಳಗೊಳವನ್ನು ನೆನೆಯುತ್ತಿದ್ದೆ. ಏಳನೆಯ ಕ್ಲಾಸಿನಲ್ಲಿ ಚನ್ನರಾಯಪಟ್ಟಣದ ಮೇಲೆ ಅಲ್ಲಿಗೆ ಪ್ರವಾಸ ಹೋಗಿದ್ದೆವು. ಬೆಟ್ಟ ಹತ್ತಿ ಇಳಿದು ಸುಸ್ತಾಗಿ ಕಲ್ಯಾಣಿಯ ಹತ್ತಿರ ಕೂತಿದ್ದಾಗ ದಿಗಂಬರ ಮುನಿಯೊಬ್ಬರು ಹಾದುಹೋದರು. ಅವರು ನೆಲದ ಮೇಲೆಯೇ ಮಲಗುತ್ತಾರೆ ಎಂದು ಟೀಚರು ಹೇಳಿದರು. ದಿಗಂಬರ ಮುನಿಗಳ 28 ಮೂಲಗುಣಗಳಲ್ಲಿ ಕ್ಷಿತಿಶಯನವೂ ಒಂದು ಎಂದು ಆಮೇಲೆ ಓದಿ ತಿಳಿದೆ. ಬೆಟ್ಟದ ಮೇಲಿನ ಗೊಮ್ಮಟನಂತೂ ಮಲಗಿಯೇ ಇಲ್ಲ. 981ರಿಂದ ಅರೆಗಣ್ಣು ತೆರೆದುಕೊಂಡು, ಕಾಲಿಗೆ ಬಳ್ಳಿ ಹಬ್ಬಿಸಿಕೊಂಡು, ಊರು ಕೇರಿಗಳನ್ನೆಲ್ಲ ನೋಡುತ್ತಾ ನಿಂತಿದ್ದಾನೆ. ಅಂದು ಬಸ್ಸಿನಲ್ಲಿ ಹಿಂದಿರುಗುವಾಗ ನನಗೆ ಬಂದ ನಿದ್ದೆ ಎಂಥದೆಂದರೆ ಊರಿನ ಸ್ಟಾಪಿನಲ್ಲಿ ಇಳಿಸಿಕೊಂಡು ಅಪ್ಪ ಹೆಗಲ ಮೇಲೆ ಹಾಕಿಕೊಂಡು ಮನೆಗೆ ತಂದದ್ದು ಕೂಡ ತಿಳಿಯಲಿಲ್ಲ. ಅವ್ವ ಮಾರನೆಯ ದಿನ ಹೇಳಿದ ಮೇಲೆಯೇ ಗೊತ್ತಾಗಿದ್ದು.

ಅಪ್ಪನ ನಿದ್ದೆಯ ವಿಚಾರಕ್ಕೆ ಬರಬೇಕೆಂದೇ ಇಷ್ಟು ಸುತ್ತಿ ಬಂದೆ.

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುವ ಗಾದೆ ಎಲ್ಲರಿಗೂ ಗೊತ್ತು. ನಮ್ಮ ಮೇಷ್ಟ್ರು ಅದನ್ನು ಬೋರ್ಡಿನ ಮೇಲೆ ಬರೆದು ವಿಸ್ತರಿಸಿರಿ ಎಂದಾಗ ನಾನು ಆರನೆಯ ಕ್ಲಾಸು. ಆ ವಾರವೇ ಹಳ್ಳಿಮೈಸೂರಿನ ಸಂತೆಗೆ ಅವ್ವನ ಜೊತೆ ಹೋಗಿದ್ದೆ. ಮೆಣಸಿನಕಾಯಿ ರಾಶಿ, ಈರುಳ್ಳಿ ರಾಶಿ, ಕುರಿ ಮಾರುವವರ ಚೌಕಾಸಿ, ಬಳೆಯವರ ಕೂಗು. ಅದರ ಮಧ್ಯೆ, ಗೋಣಿಚೀಲಗಳ ಸಂದಿಯಲ್ಲಿ, ಟವಲ್ಲನ್ನು ತಲೆಗೆ ಕಟ್ಟಿಕೊಂಡು ಅಪ್ಪ ಬಾಯಿ ತೆರೆದು ಮಲಗಿದ್ದರು. ನಡುಮಧ್ಯಾಹ್ನ. ಪಕ್ಕದಲ್ಲೇ ಯಾರೋ ತಕ್ಕಡಿಗೆ ಕಲ್ಲು ಹಾಕುತ್ತಿದ್ದರು, ಆ ಟಣ್ ಟಣ್ ಸದ್ದಿಗೂ ಅಪ್ಪನ ರೆಪ್ಪೆ ಅಲುಗಲಿಲ್ಲ. ನನ್ನ ಕ್ಲಾಸಿನ ಇಬ್ಬರು ಹುಡುಗಿಯರು ನೋಡಿ ನಕ್ಕರು. ನನಗೆ ಅಳು ಬಂತು. ನಮ್ಮಪ್ಪನಿಗೆ ಚಿಂತೆಯೇ ಇಲ್ಲ, ಮನೆಯ ಸಾಲ, ಅಕ್ಕನ ಮದುವೆ, ಅವ್ವನ ಹೊಟ್ಟೆನೋವು ಯಾವುದೂ ಅವರಿಗೆ ತಾಗುವುದಿಲ್ಲ ಎಂದು ಆ ವಯಸ್ಸಿನಲ್ಲಿ ನಂಬಿಬಿಟ್ಟೆ. ಗಾದೆಯನ್ನು ವಿಸ್ತರಿಸಿ ಬರೆದು ಹತ್ತಕ್ಕೆ ಎಂಟು ಅಂಕ ತೆಗೆದುಕೊಂಡೆ.

ಆಗ ನಮ್ಮ ಮನೆಯಲ್ಲಿ ಹೊಗೆಸೊಪ್ಪು ಬೇಯಿಸುವ ಕಾಲ. ಜುಲೈ ಬಂತೆಂದರೆ ಶುರು, ಸೆಪ್ಟೆಂಬರಿನವರೆಗೂ ಬಿಡುವಿಲ್ಲ. ಹೆಂಗಸರು ಹಗಲೆಲ್ಲ ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಾರೆ, ಗಂಡಸರು ಆ ಕಡ್ಡಿಗಳನ್ನು ಬ್ಯಾರನ್ನಿನೊಳಗೆ ಅಟ್ಟದ ಮೇಲೆ ಅಟ್ಟದಂತೆ ಸೂರಿನವರೆಗೂ ಜೋಡಿಸುತ್ತಾರೆ. ಬಾಗಿಲು ಹಾಕಿ ಹೊರಗಿನ ಒಲೆಗೆ ಬೆಂಕಿ ಹಚ್ಚಿದರೆ ಕಾವು ತಗಡಿನ ಕೊಳವೆಗಳಲ್ಲಿ ಒಳಗೆಲ್ಲ ಹರಿಯುತ್ತದೆ. ಅಲ್ಲಿಂದ ಐದಾರು ದಿನ, ಐದಾರು ರಾತ್ರಿ, ಆ ಒಲೆ ಆರುವಂತಿಲ್ಲ. ಶುರುವಿಗೆ 95 ಡಿಗ್ರಿ ಫ್ಯಾರನ್‌ಹೀಟಿನ ಆಸುಪಾಸಿನಲ್ಲಿಟ್ಟು ಎಲೆ ಹಳದಿಗೆ ತಿರುಗಲು ಬಿಡಬೇಕು. ಆಮೇಲೆ ಸ್ವಲ್ಪಸ್ವಲ್ಪವಾಗಿ ಏರಿಸುತ್ತಾ ಕೊನೆಗೆ ದಂಟು ಒಣಗುವ ಹೊತ್ತಿಗೆ 160ರ ಹತ್ತಿರ ತರಬೇಕು. ಕಾವು ಹಾರಿದರೆ ಎಲೆ ಸುಡುತ್ತದೆ, ತಗ್ಗಿದರೆ ಕಪ್ಪಾಗುತ್ತದೆ. ಕಡ್ಡಿ ಸಡಿಲಾಗಿ ಒಂದು ಒಣಗಿದ ಎಲೆ ಕೊಳವೆಯ ಮೇಲೆ ಬಿದ್ದರೆ ಬ್ಯಾರನ್ನೇ ಹೊತ್ತಿ ಉರಿಯುತ್ತದೆ. ಪಕ್ಕದ ಊರಿನಲ್ಲಿ ಹಾಗೆ ಉರಿದದ್ದನ್ನು ನಾವು ಮಕ್ಕಳು ಜಗಲಿಯ ಮೇಲೆ ನಿಂತು ನೋಡಿದ್ದೇವೆ. ಆಕಾಶ ಕೆಂಪಗಾಗಿತ್ತು. ಗಾಳಿಯಲ್ಲಿ ವಾಸನೆ ನಮ್ಮ ಮನೆಯವರೆಗೂ ಬಂದಿತ್ತು. ಅಪ್ಪ ಅಲ್ಲಿಗೆ ಓಡಿದವರು ಬೆಳಿಗ್ಗೆ ಹಿಂದಿರುಗಿ, ಏನೂ ಮಾತಾಡದೆ ನಮ್ಮ ಬ್ಯಾರನ್ನಿನ ಒಲೆಯ ಮುಂದೆ ಕೂತುಬಿಟ್ಟರು.

ಆ ರಾತ್ರಿಗಳಲ್ಲಿ ನಾನು ಮಲಗುತ್ತಿದ್ದುದು ಬ್ಯಾರನ್ನಿನ ಗೋಡೆಗೆ ಒರಗಿಸಿ ಹಾಕಿದ ಚಾಪೆಯ ಮೇಲೆ. ಆಷಾಢದ ಜಡಿಮಳೆ, ಚಪ್ಪರದ ಹೊರಗೆಲ್ಲ ಕೆಸರು, ಬೆನ್ನಿಗೆ ಮಾತ್ರ ಬೆಚ್ಚನೆಯ ಮಣ್ಣಿನ ಗೋಡೆ. ಅಪ್ಪ ಬೂದಿಯಲ್ಲಿ ಹಲಸಿನ ಬೀಜ ಸುಟ್ಟು ಸಿಪ್ಪೆ ಬಿಡಿಸಿ ಕೊಡುತ್ತಿದ್ದರು. ನಾಲ್ಕನೆಯ ಬೀಜಕ್ಕೆ ನನಗೆ ನಿದ್ದೆ ಹತ್ತುತ್ತಿತ್ತು. ನಮ್ಮ ಭಾಷೆಯಲ್ಲಿ ಬೆಂಕಿಯೂ ಹತ್ತುತ್ತದೆ, ನಿದ್ದೆಯೂ ಹತ್ತುತ್ತದೆ. ಎರಡಕ್ಕೂ ಒಂದೇ ಮಾತು ಏಕಾಯಿತೆಂದು ನನಗೆ ಗೊತ್ತಿಲ್ಲ, ಆದರೆ ಆ ಚಾಪೆಯ ಮೇಲೆ ಎರಡೂ ಒಂದೇ ಆಗಿದ್ದವು. ಒಂದು ಹತ್ತಿ ಉರಿಯುತ್ತಿದ್ದುದರಿಂದಲೇ ಇನ್ನೊಂದು ನನಗೆ ಹತ್ತುತ್ತಿತ್ತು. ಮಧ್ಯೆ ಯಾವಾಗಲಾದರೂ ಕಣ್ಣು ಬಿಟ್ಟರೆ ಕಂಬಳಿ ಹೊದ್ದ ಅಪ್ಪನ ಬೆನ್ನು ಕಾಣುತ್ತಿತ್ತು. ಅವರು ಎದ್ದು ಹೋಗಿ ಸಣ್ಣ ಗಾಜಿನ ಕಿಂಡಿಯಲ್ಲಿ ಬ್ಯಾಟರಿ ಬಿಟ್ಟು ಒಳಗೆ ನೇತುಹಾಕಿದ್ದ ಥರ್ಮಾಮೀಟರು ನೋಡುವುದು, ಬಂದು ಒಂದು ಕೊರಡು ಒಳಗೆ ತಳ್ಳುವುದು, ಮತ್ತೆ ಕೂರುವುದು. ಅಷ್ಟು ಕಂಡರೆ ಸಾಕು, ಮತ್ತೆ ನಿದ್ದೆ. ನನ್ನ ಬದುಕಿನ ಅತ್ಯಂತ ಒಳ್ಳೆಯ ನಿದ್ದೆಗಳೆಲ್ಲ ಅಲ್ಲಿಯೇ ಆಗಿಹೋದವು.

ಸಂತೆಯ ಆ ಮಧ್ಯಾಹ್ನ ಅಪ್ಪ ನಾಲ್ಕು ರಾತ್ರಿ ಕಣ್ಣು ಮುಚ್ಚಿರಲಿಲ್ಲ. ಅದನ್ನು ಅವ್ವ ನನಗೆ ಹೇಳಿದ್ದು ಎಷ್ಟೋ ವರ್ಷದ ಮೇಲೆ, ನಾನು ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ. ಸಾಲವೂ ತಾಗಿತ್ತು, ಅಕ್ಕನ ಮದುವೆಯೂ ತಾಗಿತ್ತು. ಆ ದಿನ ಸಂತೆಗೆ ಹೋಗಿದ್ದು ಕೂಡ ಅವ್ವನ ಔಷಧಿಗೆ ದುಡ್ಡು ಹೊಂದಿಸಲು ಎರಡು ಚೀಲ ರಾಗಿ ಮಾರುವುದಕ್ಕೆ. ನಾನು ಊರಿಗೆ ಹೋದಾಗ ಅಪ್ಪನನ್ನೇ ಕೇಳಿದೆ, ಅಷ್ಟು ಗಲಾಟೆಯಲ್ಲಿ ಹೇಗೆ ನಿದ್ದೆ ಬರುತ್ತಿತ್ತು ಎಂದು. ಅವರು ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು: "ಅಲ್ಲಿ ಅಷ್ಟು ಜನ ಎಚ್ಚರ ಇರ್ತಿದ್ರಲ್ಲವ್ವ. ಇನ್ನು ನಾನ್ಯಾಕೆ ಎಚ್ಚರ ಇರ್ಬೇಕು ಅನ್ನಿಸ್ತಿತ್ತು." ಮಕ್ಕಳಿಗೆ ಆ ಗಾದೆಯನ್ನು ವಿಸ್ತರಿಸಲು ಕೊಡುವ ಕನ್ನಡ ಟೀಚರಿಗೆ ನಾನು ಈ ಮಾತನ್ನು ಹೇಳಿದ್ದೇನೆ. ಚಿಂತೆ ತುಂಬಿದವನಿಗೂ ಸಂತೆಯಲ್ಲಿ ನಿದ್ದೆ ಬರುತ್ತದೆ, ಬೇರೆಲ್ಲೂ ಬರುವುದಿಲ್ಲ ಎಂದೇ ಬರುತ್ತದೆ.

ಹೊಳೆನರಸೀಪುರದಲ್ಲಿ ಪಿಯುಸಿ ಓದುವಾಗ ನಮ್ಮ ಮೇಷ್ಟ್ರೊಬ್ಬರು ಒಂದು ಭಾನುವಾರ ನಾಲ್ಕೈದು ಜನರನ್ನು ಅಧ್ಯಾತ್ಮ ಪ್ರಕಾಶ ಕಾರ್ಯಾಲಯಕ್ಕೆ ಕರೆದುಕೊಂಡು ಹೋಗಿದ್ದರು. ಅದನ್ನು ಕಟ್ಟಿದ ಸಚ್ಚಿದಾನಂದೇಂದ್ರ ಸರಸ್ವತಿ ಸ್ವಾಮಿಗಳು (1880–1975) ಆಗಲೇ ಇರಲಿಲ್ಲ. 200ಕ್ಕೂ ಹೆಚ್ಚು ಪುಸ್ತಕ ಬರೆದವರು ಎಂದು ಕೇಳಿ ಬೆರಗಾಗಿತ್ತು. ನಿದ್ದೆಯ ಬಗ್ಗೆ ಅವರಷ್ಟು ಯೋಚಿಸಿದವರು ನಮ್ಮ ಸೀಮೆಯಲ್ಲಿ ಇನ್ನೊಬ್ಬರಿಲ್ಲ ಎಂದು ನನಗೆ ಈಗ ಅನ್ನಿಸುತ್ತದೆ. ಮಾಂಡೂಕ್ಯ ಉಪನಿಷತ್ತು ಬರೀ 12 ಮಂತ್ರಗಳದು. ಎಚ್ಚರ, ಕನಸು, ತನಿನಿದ್ದೆ ಎಂಬ ಮೂರು ಅವಸ್ಥೆಗಳನ್ನು ಹಿಡಿದು ಆತ್ಮದ ವಿಚಾರಕ್ಕೆ ಹೋಗುತ್ತದೆ. ನಾವು ಎಚ್ಚರದಲ್ಲಿ ನಿಂತುಕೊಂಡು ಉಳಿದೆರಡನ್ನು ಅಳೆಯುತ್ತೇವೆ, ಹಾಗಲ್ಲದೆ ಮೂರನ್ನೂ ಸಮನಾಗಿ ಇಟ್ಟು ನೋಡಬೇಕು ಎನ್ನುವುದು ಸ್ವಾಮಿಗಳು ಹಿಡಿದ ದಾರಿ. ತನಿನಿದ್ದೆಯಲ್ಲೂ ಅವಿದ್ಯೆಯ ಬೀಜವೊಂದು ಉಳಿದಿರುತ್ತದೆ ಎಂಬ ಪಂಡಿತರ ವಾದವನ್ನು ಅವರು ಒಪ್ಪಲಿಲ್ಲ. ಅಂದು ಇದೆಲ್ಲ ನನ್ನ ತಲೆಗೆ ಹತ್ತಿರಲಿಲ್ಲ. ಮೇಷ್ಟ್ರು ಕೇಳಿದ ಒಂದು ಪ್ರಶ್ನೆ ಮಾತ್ರ ಉಳಿಯಿತು: ಎದ್ದಮೇಲೆ ಸುಖವಾಗಿ ಮಲಗಿದ್ದೆ, ಏನೂ ತಿಳಿಯಲಿಲ್ಲ ಎನ್ನುತ್ತೀರಲ್ಲ, ಏನೂ ತಿಳಿಯದಿದ್ದರೆ ಸುಖವಾಗಿತ್ತೆಂದು ತಿಳಿದದ್ದು ಯಾರಿಗೆ? ಎರಡೂ ಮುಕ್ಕಾಲಿಗೆ ಕಿಟಕಿಯ ಹತ್ತಿರ ನಿಂತಾಗ ಈ ಪ್ರಶ್ನೆ ಬರುತ್ತದೆ. ಉತ್ತರ ಬರುವುದಿಲ್ಲ, ಗೋಣಿಚೀಲಗಳ ನಡುವೆ ಮಲಗಿದ ಅಪ್ಪನ ಮುಖ ಬರುತ್ತದೆ. ಆ ಮುಖದಲ್ಲಿ ಸಾಲವಿರಲಿಲ್ಲ.

ಅಪ್ಪ ಹೋಗಿ ಹನ್ನೊಂದು ವರ್ಷವಾಯಿತು. ಬ್ಯಾರನ್ನು ಈಗ ತಮ್ಮನದು. ಹೊಗೆಸೊಪ್ಪು ಒಳ್ಳೆಯ ಬೆಳೆಯಲ್ಲ ಎಂದು ನನಗೂ ಗೊತ್ತು, ಅವನಿಗೂ ಗೊತ್ತು. ಬೆಳೆಯುವವರ ನಿದ್ದೆಯನ್ನು ಬೆಂಕಿಯ ಮುಂದೆ ಕಳೆಯುತ್ತದೆ, ಸೇದುವವರ ನಿದ್ದೆಯನ್ನು ಅದರೊಳಗಿನ ನಿಕೋಟಿನ್ ಕೆಡಿಸುತ್ತದೆ. ಶ್ವಾಸಕೋಶದ ಪಾಠ ಮಾಡುವಾಗ ನನ್ನ ಬಾಯಿ ಒಣಗುತ್ತದೆ, ಏಕೆಂದರೆ ನನ್ನ ಫೀಸು ಕಟ್ಟಿದ್ದು ಇದೇ ಸೊಪ್ಪು. ಬಿಟ್ಟುಬಿಡೋ ಎಂದರೆ ತಮ್ಮ, "ಬೇರೆ ಏನ್ ಬೆಳುದ್ರೆ ರಾಮನಾಥಪುರದಂಗೆ ಕರ್ದು ಹರಾಜಾಕ್ತಾರೆ ಹೇಳಕ್ಕಯ್ಯ?" ಎನ್ನುತ್ತಾನೆ. ಶುಂಠಿಯಲ್ಲಿ ಒಮ್ಮೆ ಕೈ ಸುಟ್ಟುಕೊಂಡಿದ್ದಾನೆ. ಉಳಿದ ಕಾಲದಲ್ಲೂ ಅವನಿಗೆ ಪೂರ್ತಿ ನಿದ್ದೆಯಿಲ್ಲ, ಪಂಪ್‌ಸೆಟ್ಟಿಗೆ ಕರೆಂಟು ರಾತ್ರಿ ಕೊಟ್ಟಾಗ ರಾತ್ರಿಯೇ ಎದ್ದು ಹೋಗಿ ನೀರು ತಿರುಗಿಸಬೇಕು.

ಈ ಶ್ರಾವಣದಲ್ಲಿ ರಜೆ ಹಾಕಿ ಊರಿಗೆ ಹೋದೆ. ಬ್ಯಾರನ್ನು ತುಂಬಿ ಮೂರನೆಯ ದಿನ. ತಮ್ಮನ ಕಣ್ಣು ಗುಳಿಬಿದ್ದಿತ್ತು, ಮಾತಿಗೆ ಮಾತು ಸೇರುತ್ತಿರಲಿಲ್ಲ. ಮಗ ಬೆಂಗಳೂರಿನಲ್ಲಿದ್ದಾನೆ, ಕೂಲಿಗೆ ರಾತ್ರಿ ಕೂರುವವರು ಸಿಗುವುದಿಲ್ಲ. ನಾದಿನಿ ಹಗಲೆಲ್ಲ ಸೊಪ್ಪು ಕಟ್ಟಿ ಸೋತಿದ್ದಳು. ಊಟವಾದ ಮೇಲೆ ನಾನು ಮಲಗಿದೆ, ಎರಡೂ ಮುಕ್ಕಾಲಿಗೆ ಕಣ್ಣು ಬಿಟ್ಟಿತು. ಎದ್ದು ಚಪ್ಪರಕ್ಕೆ ಹೋದರೆ ತಮ್ಮ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ತೂಕಡಿಸುತ್ತಿದ್ದ. ತಲೆ ಬಾಗುವುದು, ಬೆಚ್ಚಿ ಏಳುವುದು, ಕಿಂಡಿಯ ಕಡೆ ನೋಡುವುದು.

"ಏಳೋ, ಮನಿಕ್ಕೊ ಹೋಗು. ನಾನ್ ನೋಡ್ಕೊತೀನಿ."

"ಬ್ಯಾಡಕ್ಕಯ್ಯ, ನಿಂಗ್ಯಾಕೆ. ನಿದ್ದೆಗೆಟ್ರೆ ತಲೆನೋವು ಬತ್ತದೆ ನಿಂಗೆ."

"ನಂಗೆ ಹೆಂಗೂ ನಿದ್ದೆ ಇಲ್ಲ. ಎಷ್ಟರಲ್ಲಿ ಇಡ್ಬೇಕು ಹೇಳು."

ಅವನು ನನ್ನ ಮುಖ ನೋಡಿದ. "ನೂರಾ ಹದಿನೈದು. ಎರಡು ಡಿಗ್ರಿ ಮೇಲೆ ಹೋಗ್ಬಾರ್ದು, ಕೆಳಕ್ಕೂ ಬರ್ಬಾರ್ದು. ಕೊರಡು ಒಂದೊಂದೇ ಹಾಕು. ವಾಸ್ನೆ ಬ್ಯಾರೆ ಬಂದ್ರೆ ಎಬ್ಬುಸ್ಬುಡು." ಅಷ್ಟು ಹೇಳುವಷ್ಟರಲ್ಲಿ ಗೋಡೆಗೆ ಒರಗಿದ್ದ ಚಾಪೆಯ ಮೇಲೆ ಉರುಳಿಯಾಗಿತ್ತು. ಅಪ್ಪನ ಕಂಬಳಿ ಅಲ್ಲೇ ಗೂಟದಲ್ಲಿತ್ತು, ತೆಗೆದು ಹೊದಿಸಿದೆ. ಕಂಬಳಿಯ ಅಂಚು ಸರಿಮಾಡುವಷ್ಟರಲ್ಲಿ ಗೊರಕೆ ಕೇಳಿಸಿತು. ಐವತ್ತು ದಾಟಿದ ತಮ್ಮ, ಚಿಕ್ಕವನಿದ್ದಾಗ ಮಲಗುತ್ತಿದ್ದ ಹಾಗೆಯೇ, ಎರಡೂ ಕೈ ತೊಡೆಯ ಸಂದಿಗೆ ಸೇರಿಸಿಕೊಂಡು ಮಲಗಿದ್ದ.

ಮಳೆ ಸಣ್ಣಗೆ ಹಿಡಿದಿತ್ತು. ಕಿಂಡಿಗೆ ಮೊಬೈಲಿನ ಬೆಳಕು ಬಿಟ್ಟು ನೋಡಿದೆ, ನೂರಾ ಹದಿನಾಲ್ಕು. ಒಂದು ಕೊರಡು ತಳ್ಳಿ ಕೂತೆ. ಮೈಸೂರಿನಲ್ಲಿ ಈ ಹೊತ್ತಿಗೆ ನಮ್ಮ ಅಡುಗೆಮನೆ ಕತ್ತಲಾಗಿರುತ್ತದೆ. ಎದುರುಮನೆಯ ಹುಡುಗ ಕಂಪ್ಯೂಟರಿನಿಂದ ತಲೆಯೆತ್ತಿ ನೋಡಿರುತ್ತಾನೆ, ಆಂಟಿಗೆ ಇವತ್ತು ಒಳ್ಳೆಯ ನಿದ್ದೆ ಹತ್ತಿದೆ ಎಂದುಕೊಂಡಿರುತ್ತಾನೆ. ಬೂದಿಯಲ್ಲಿ ಹೂತಿದ್ದ ಗೆಣಸು ಬೆಂದ ವಾಸನೆ ಬಂತು. ಕಡ್ಡಿಯಿಂದ ಕೆದಕಿ ಹೊರಗೆ ತೆಗೆದು, ಅರ್ಧ ಮುರಿದು, ಉಳಿದ ಅರ್ಧವನ್ನು ತಮ್ಮನಿಗೆಂದು ಒಲೆಯ ಬಾಯಿಯ ಹತ್ತಿರ ಬೆಚ್ಚಗಿಟ್ಟೆ.